ನೀಲಿ ಉಗುರಿನ ಕೈಪಿಡಿ: ಮದರಾಸು ಆವೃತ್ತಿ

ಕೆಲಸ ಶುರುಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಬಣ್ಣ ಹಚ್ಚಿಕೊಂಡ ಮೇಲೆ ಓದಿದರಾಯಿತು ಎಂದುಕೊಂಡವರಿಗೆ ಪುಟ ತಿರುವಲು ಬೆರಳು ಸಿಗುವುದಿಲ್ಲ.

ಇದು ಚೆನ್ನೈಯಲ್ಲಿ ನೆಲೆಸಿದ ಕನ್ನಡ ಮನೆಗಳಿಗಾಗಿ ಸಿದ್ಧಪಡಿಸಿದ ಆವೃತ್ತಿ. ತಿರುವಲ್ಲಿಕ್ಕೇಣಿಯ ರಾಯರ ಮಠದ ಆಸುಪಾಸಿನಿಂದ ಪಶ್ಚಿಮ ಮಾಂಬಲದ ಎರಡು ಕೋಣೆಯ ಫ್ಲ್ಯಾಟಿನವರೆಗೆ ಎಲ್ಲಿ ಬೇಕಾದರೂ ಬಳಸಬಹುದು. ಬ್ಯೂಟಿ ಪಾರ್ಲರಿಗೆ ಹೋಗುವಷ್ಟು ದುಡ್ಡೂ, ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳುವಷ್ಟು ಧೈರ್ಯವೂ ಇರುವವರು ಓದನ್ನು ಇಲ್ಲಿಗೇ ನಿಲ್ಲಿಸಬಹುದು.

1. ಬೇಕಾಗುವ ಸಾಮಗ್ರಿ

ಅ) ನೀಲಿ ನೇಲ್ ಪಾಲಿಶ್, ಒಂದು ಬಾಟಲಿ. ಟಿ. ನಗರದ ರಂಗನಾಥನ್ ಬೀದಿಯಲ್ಲಾಗಲಿ, ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟಿನಲ್ಲಾಗಲಿ, ನಿಮ್ಮ ಬೀದಿಕೊನೆಯ ಫ್ಯಾನ್ಸಿ ಸ್ಟೋರಿನಲ್ಲಾಗಲಿ ಐವತ್ತರ ನೋಟು ಕೊಟ್ಟರೆ ಬಾಟಲಿಯ ಜೊತೆ ಚಿಲ್ಲರೆಯೂ ಬರಬಹುದು. ಬೇಕಾದ ಬಣ್ಣ ವಿವರಿಸುವುದು ಕಷ್ಟವಾದರೆ ಆವಿನ್ ಹಾಲಿನ ನೀಲಿ ಪ್ಯಾಕೆಟ್ಟನ್ನೇ ತೋರಿಸಿ. ಊರಿನ ನಂದಿನಿಯೂ ಟೋನ್ಡ್ ಹಾಲಿಗೆ ನೀಲಿಯನ್ನೇ ಇಟ್ಟಿರುವುದರಿಂದ ಇದರಲ್ಲಿ ಯಾವ ರಾಜ್ಯದ ಸ್ವಾಭಿಮಾನಕ್ಕೂ ಧಕ್ಕೆಯಿಲ್ಲ.

ಆ) ಬಣ್ಣವಿಲ್ಲದ ಪಾಲಿಶ್, ಒಂದು ಬಾಟಲಿ. ಅಡಿಗೂ ಇದೇ, ಮೇಲಕ್ಕೂ ಇದೇ. ಎರಡಕ್ಕೂ ಬೇರೆ ಬೇರೆ ಬಾಟಲಿ ಬೇಕೆಂದು ಅಂಗಡಿಯವರು ಹೇಳುತ್ತಾರೆ; ಹೇಳಲಿ.

ಇ) ಬಿಳಿ ಪಾಲಿಶ್. ಅಕ್ಕನ ಮಗಳ ಹತ್ತಿರ ಇರುತ್ತದೆ. ಕೇಳಿ ತನ್ನಿ.

ಈ) ರಿಮೂವರ್, ಹತ್ತಿ, ಇಯರ್ ಬಡ್.

ಉ) ಮನೆಯಲ್ಲೇ ಇರುವವು: ಹೇರ್‌ಪಿನ್, ಹಲ್ಲುಕಡ್ಡಿ, ಸ್ಯಾನಿಟೈಸರ್, ಪಾತ್ರೆ ಉಜ್ಜುವ ಸ್ಪಂಜಿನ ಹೊಸ ತುಂಡು, ಮಗುವಿನ ಸ್ಕೂಲ್ ಬ್ಯಾಗಿನಲ್ಲಿರುವ ಫೆವಿಕಾಲ್, ಹಳೆಯ ಪೇಪರು.

ಊ) ಸಾಗಣೆ ವೆಚ್ಚ: ಸೊನ್ನೆ. ತಮಿಳುನಾಡಿನ ಸಾಧಾರಣ ದರದ ಸಿಟಿ ಬಸ್ಸುಗಳಲ್ಲಿ ಹೆಂಗಸರಿಗೆ 2021ರ ಮೇ ತಿಂಗಳಿಂದ ಟಿಕೆಟ್ಟಿಲ್ಲ. ಕರ್ನಾಟಕದಲ್ಲಿ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅಂದರೆ ಬಿಟ್ಟಿ ಬಸ್ಸಿನಲ್ಲಿ ಹೋಗಿ ಉಗುರುಬಣ್ಣ ತರುವ ವಿದ್ಯೆಯಲ್ಲಿ ಚೆನ್ನೈಯವರು ಊರಿನವರಿಗಿಂತ ಎರಡು ವರ್ಷ ಸೀನಿಯರ್.

ಋ) ಬಿಡುವು, ಅರ್ಧ ಗಂಟೆ. ಎರಡೂ ಕೈಗಳದ್ದು, ಒಂದೇ ಹೊತ್ತಿನಲ್ಲಿ. ಇದು ರಂಗನಾಥನ್ ಬೀದಿಯಲ್ಲೂ ಸಿಗುವುದಿಲ್ಲ. ಹೊಂದಿಸಿಕೊಳ್ಳುವ ವಿಧಾನ ನಾಲ್ಕನೆಯ ಭಾಗದಲ್ಲಿದೆ.

2. ವಸ್ತುವಿನ ಪರಿಚಯ

ಬಾಟಲಿಯೊಳಗೆ ಇರುವುದು ನೈಟ್ರೋಸೆಲ್ಯುಲೋಸ್. ಅದನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿಸಿ, ರಾಳವನ್ನೂ ಬಣ್ಣವನ್ನೂ ಸೇರಿಸಿರುತ್ತಾರೆ. ಹಚ್ಚಿದ ಮೇಲೆ ದ್ರಾವಕ ಆರಿ ಗಾಳಿಗೆ ಹೋಗುತ್ತದೆ, ಉಗುರಿನ ಮೇಲೆ ತೆಳ್ಳನೆಯ ಪೊರೆ ಉಳಿಯುತ್ತದೆ. ಒಣಗುವುದು ಎಂದರೆ ಇಷ್ಟೇ. ಮೂಗಿಗೆ ಬಡಿಯುವ ಘಾಟು ಇದೇ ದ್ರಾವಕದ್ದು. ಆದ್ದರಿಂದ ಕದ್ದು ಹಚ್ಚಿಕೊಳ್ಳುವುದು ಈ ಉತ್ಪನ್ನದಲ್ಲಿ ಸಾಧ್ಯವಿಲ್ಲ.

1950ರ ದಶಕದ ಆರಂಭದವರೆಗೂ ಸಿನಿಮಾ ರೀಲುಗಳನ್ನು ಇದೇ ನೈಟ್ರೋಸೆಲ್ಯುಲೋಸಿನಿಂದ ಮಾಡುತ್ತಿದ್ದರು. ಭಗ್ಗನೆ ಹತ್ತಿಕೊಳ್ಳುತ್ತದೆಂದೇ ಅದನ್ನು ಕೈಬಿಟ್ಟರು. ಸಿನಿಮಾ ಸ್ಟುಡಿಯೋಗಳ ಕೋಡಂಬಾಕ್ಕಂ ಕೈಬಿಟ್ಟದ್ದನ್ನು ನಾವು ಬೆರಳಿಗೆ ಹಚ್ಚಿಕೊಂಡು ಅಡುಗೆಮನೆಗೆ ಹೋಗುತ್ತೇವೆ.

ನೀಲಿಯ ಮೂಲ ಸಾಮಾನ್ಯವಾಗಿ ಎರಡು. ಒಂದು ಪ್ರಷ್ಯನ್ ಬ್ಲೂ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ್ದು. ಇನ್ನೊಂದು ಅಲ್ಟ್ರಾಮರೀನ್. ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಲ್ಯಾಪಿಸ್ ಲಾಜುಲಿ ಕಲ್ಲು ಅರೆದು ತೆಗೆಯಬೇಕಾಗಿದ್ದ ಈ ದುಬಾರಿ ಬಣ್ಣವನ್ನು 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೃತಕವಾಗಿ ಮಾಡುವುದನ್ನು ಕಂಡುಹಿಡಿದರು. ಅಂದಿನಿಂದ ಅದು ಎಷ್ಟು ಅಗ್ಗವಾಯಿತೆಂದರೆ ಬಿಳಿ ಪಂಚೆಗೆ ಹಾಕುವ ನೀಲಿಪುಡಿಯಾಗಿ ಬಚ್ಚಲಿಗೇ ಬಂತು. ಅಜ್ಜಿಯ ಕಾಲದಲ್ಲಿ ಬಟ್ಟೆಗೆ ನೀಲಿ ಹಾಕಿದ ಕೈಗಳ ಉಗುರಿನ ಸುತ್ತ ಎರಡು ದಿನ ಅದರ ಗೆರೆ ಉಳಿಯುತ್ತಿತ್ತು. ಕಂಪನಿ ಸರ್ಕಾರದ ಬಟ್ಟೆ ಒಗೆಯುವವರ ಹೆಸರಿನಲ್ಲೇ ವಾಷರ್‌ಮನ್‌ಪೇಟೆ ಎಂಬ ಬಡಾವಣೆ ಇರುವ ಊರಿದು. ಇಲ್ಲಿ ನೀಲಿ ಉಗುರು ಹೊಸ ಫ್ಯಾಷನ್ನೇನಲ್ಲ. ಅದಕ್ಕೆ ದುಡ್ಡು ಕೊಡುವುದು ಮಾತ್ರ ಹೊಸದು.

ದುಡ್ಡು ಕೊಡುವ ಅಭ್ಯಾಸವನ್ನು ಇಲ್ಲಿ ರೂಢಿ ಮಾಡಿಸಿದವರಲ್ಲಿ ಟಾಟಾ ಸಂಸ್ಥೆ 1952ರಲ್ಲಿ ಶುರುಮಾಡಿದ ಲ್ಯಾಕ್ಮೆ ದೊಡ್ಡದು. ಆದರೂ ಮನೆಯ ಹಿರಿಯರು ಯಾವ ಕಂಪನಿಯ ಬಾಟಲಿ ಕಂಡರೂ 'ಕ್ಯೂಟೆಕ್ಸ್' ಎಂದೇ ಅನ್ನುತ್ತಾರೆ. ತಿದ್ದಲು ಹೋಗಬೇಡಿ, ಮುಂದೆ ಅವರ ಸಹಕಾರ ಬೇಕಾಗುತ್ತದೆ.

3. ಎಚ್ಚರಿಕೆಗಳು

• ಉರಿಯುವ ಒಲೆ, ಹಚ್ಚಿದ ದೀಪ, ಊದುಬತ್ತಿ ಇವುಗಳ ಹತ್ತಿರ ಬಾಟಲಿಯನ್ನಾಗಲಿ ರಿಮೂವರನ್ನಾಗಲಿ ತೆರೆಯತಕ್ಕದ್ದಲ್ಲ. ದೇವರ ಮನೆಯನ್ನೂ ಅಡುಗೆಮನೆಯನ್ನೂ ಬಿಟ್ಟರೆ ನಿಮ್ಮ ಫ್ಲ್ಯಾಟಿನಲ್ಲಿ ಉಳಿಯುವುದು ಬಾಲ್ಕನಿ. ಅಲ್ಲೇ ಕೂರಿ.

• ಅಸಿಟೋನ್ ಇರುವ ರಿಮೂವರ್ ಥರ್ಮೋಕೋಲನ್ನು ಕರಗಿಸುತ್ತದೆ, ಮೇಜಿನ ವಾರ್ನಿಷನ್ನೂ ಎಬ್ಬಿಸುತ್ತದೆ. ಗೌರಿಹಬ್ಬಕ್ಕೆಂದು ತಂದಿಟ್ಟ ಮಂಟಪದ ಪಕ್ಕ ಕೂರಬೇಡಿ.

• ಆಸ್ಪತ್ರೆಗೆ ಹೋಗುವುದಿದ್ದರೆ ಮೊದಲು ಬಣ್ಣ ತೆಗೆಯಿರಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆಕ್ಸಿಮೀಟರು ಉಗುರಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಗಾಢ ನೀಲಿ, ಕಪ್ಪು, ಹಸಿರು ಬಣ್ಣಗಳು ಆ ಲೆಕ್ಕವನ್ನು ತಪ್ಪಿಸಬಹುದು.

• ಬಣ್ಣ ಹಚ್ಚದೆಯೇ ಉಗುರು ನೀಲಿಯಾಗಿದ್ದರೆ ಕೈಪಿಡಿಯನ್ನು ಮಡಿಸಿಟ್ಟು ತಕ್ಷಣ ಡಾಕ್ಟರನ್ನು ನೋಡಿ. ಈ ಒಂದು ಸಾಲಿನಲ್ಲಿ ತಮಾಷೆಯಿಲ್ಲ.

4. ಹಚ್ಚುವ ಕ್ರಮ

ಹಂತ 1. ದಿನ ಗೊತ್ತುಮಾಡಿ. ಮೇ 4ರ ಸುಮಾರಿಗೆ ಶುರುವಾಗಿ ತಿಂಗಳ ಕೊನೆಯವರೆಗೆ ಉರಿಯುವ ಕತ್ತಿರಿ ಬಿಸಿಲಿನ ದಿನಗಳು ಬೇಡ. ಆ ಸೆಕೆಯಲ್ಲಿ ಬಣ್ಣದ ಮೇಲ್ಪದರ ಬೇಗ ಬಿಗಿದು ಒಳಗಿನ ದ್ರಾವಕ ಹೊರಬರಲಾರದೆ ಗುಳ್ಳೆ ಏಳುತ್ತದೆ. ಫ್ಯಾನಿನ ಕೆಳಗೆ ಕೂತರೂ ಅದೇ ಫಲ. ಚೆನ್ನೈಯಲ್ಲಿ ಫ್ಯಾನಿಲ್ಲದೆ ಅರ್ಧ ಗಂಟೆ ಕೂರುವುದು ತಪಸ್ಸೆಂಬುದು ನಮಗೂ ಗೊತ್ತು. ಸೌಂದರ್ಯಕ್ಕೆ ಸ್ವಲ್ಪ ಬೆವರು ಸುರಿಯಲೇಬೇಕು.

ಹಂತ 2. ಮನೆಯವರಿಗೆ ಘೋಷಿಸಿ: "ಇನ್ನು ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳಬೇಡಿ." ಇದಾದ ಕೂಡಲೇ ಉಗುರುಕತ್ತರಿ ಎಲ್ಲಿ, ಚಾರ್ಜರ್ ಎಲ್ಲಿ, ಮೊಸರಿಗೆ ಹೆಪ್ಪು ಹಾಕಿದೆಯಾ ಎಂಬ ಮೂರು ಪ್ರಶ್ನೆ ಬರುತ್ತವೆ. ಉತ್ತರಿಸಿ, ಮುಂದಿನ ಹಂತಕ್ಕೆ ಹೋಗಿ.

ಹಂತ 3. ಉಗುರಿನ ಸುತ್ತಲಿನ ಚರ್ಮಕ್ಕೆ ಫೆವಿಕಾಲ್ ತೆಳ್ಳಗೆ ಸವರಿ ಆರಲು ಬಿಡಿ. ಗುಲಾಬಿ ಬಣ್ಣ ಅಂಚು ದಾಟಿದರೆ ಕಣ್ಣಿಗೆ ಬೀಳುವುದಿಲ್ಲ. ನೀಲಿ ಒಂದು ಕೂದಲೆಳೆ ದಾಟಿದರೂ ಬೀಳುತ್ತದೆ. ಕೊನೆಗೆ ಅಂಟಿನ ಪೊರೆಯನ್ನು ಸುಲಿದರೆ ದಾಟಿದ ಬಣ್ಣವೂ ಅದರ ಜೊತೆಗೇ ಎದ್ದುಬರುತ್ತದೆ.

ಹಂತ 4. ಬಣ್ಣವಿಲ್ಲದ ಪಾಲಿಶನ್ನು ಒಂದು ಸಲ ಹಚ್ಚಿ. ಇದನ್ನು ಉಳಿಸಲು ಹೋಗಬೇಡಿ. ನೀಲಿ ನೇರವಾಗಿ ಉಗುರಿಗೆ ತಾಗಿದರೆ ಕಲೆ ಹಿಡಿಯುತ್ತದೆ, ರಿಮೂವರಿಗೂ ಜಗ್ಗುವುದಿಲ್ಲ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಇಡೀ ಉಗುರು ಹೊಸದಾಗಲು ಆರು ತಿಂಗಳು ಬೇಕು. ಅಷ್ಟು ದಿನ ಯಾರಿಗೆಲ್ಲ ಏನೇನು ವಿವರಣೆ ಕೊಡುತ್ತೀರಿ?

ಹಂತ 5. ನೀಲಿಯನ್ನು ನೀರುದೋಸೆಯಷ್ಟು ತೆಳ್ಳಗೆ ಹಚ್ಚಿ. ಮಧ್ಯದಲ್ಲಿ ಒಂದು ಗೆರೆ, ಎಡಕ್ಕೊಂದು, ಬಲಕ್ಕೊಂದು. ಮೊದಲ ಸಲ ಗೀರುಗೀರಾಗಿ ಕಾಣುತ್ತದೆ. ಗಾಬರಿಯಿಂದ ಮತ್ತೆ ಮತ್ತೆ ತೀಡಬೇಡಿ. ಎರಡನೆಯ ಕೋಟಿನಲ್ಲಿ ಮುಚ್ಚಿಹೋಗುತ್ತದೆ.

ಹಂತ 6. ಈಗ ಕಾಲಿಂಗ್ ಬೆಲ್ ಆಗುತ್ತದೆ. ನೀರಿನ ಕ್ಯಾನಿನವನೋ, ಇಸ್ತ್ರಿ ಬಟ್ಟೆಯವನೋ, ಕೊರಿಯರಿನವನೋ ಇರುತ್ತಾನೆ. ಮನೆಯಲ್ಲಿ ಮೂರು ಜನ ಇದ್ದರೂ ಬಾಗಿಲು ತೆಗೆಯಬೇಕಾದವರು ನೀವೇ ಎಂದು ಎಲ್ಲರೂ ಸಹಜವಾಗಿ ಭಾವಿಸಿರುತ್ತಾರೆ. ಚಿಲಕವನ್ನು ಮೊಣಕೈಯಿಂದ ತೆಗೆಯುವ ಅಭ್ಯಾಸ ಮೊದಲೇ ಮಾಡಿಕೊಳ್ಳತಕ್ಕದ್ದು.

ಹಂತ 7. ಅತ್ತೆಯವರು ನೋಡುತ್ತಾರೆ. "ಇದೇನೇ ಇದು, ಬಾಗಿಲಿಗೆ ಬೆರಳು ಸಿಕ್ಕಿಹಾಕಿಕೊಂಡಿತಾ?" ಎನ್ನುತ್ತಾರೆ. "ಇಲ್ಲ ಅತ್ತೆ, ಕೃಷ್ಣನ ಬಣ್ಣ" ಎನ್ನಿ. ಪಾರ್ಥಸಾರಥಿ ಗುಡಿಯ ಬೀದಿಯಲ್ಲಿ ಬೆಳೆದವರಿಗೆ ಇದಕ್ಕೆ ಮರುಮಾತು ತಕ್ಷಣ ಹೊಳೆಯುವುದಿಲ್ಲ. ಹೊಳೆಯುವಷ್ಟರಲ್ಲಿ ಎರಡನೆಯ ಕೋಟ್ ಮುಗಿಸಿ.

ಹಂತ 8. ಮೇಲೆ ಮತ್ತೊಮ್ಮೆ ಬಣ್ಣವಿಲ್ಲದ್ದು. ಉಗುರಿನ ತುದಿಯ ಅಂಚಿಗೂ ಒಂದು ಗೆರೆ ಎಳೆಯಿರಿ. ಬಣ್ಣ ಮೊದಲು ಎದ್ದುಹೋಗುವುದು ಅಲ್ಲಿಂದಲೇ. ಹದಿನೈದು ನಿಮಿಷಕ್ಕೆ ಮುಟ್ಟಿದರೆ ಅಂಟದಷ್ಟು ಒಣಗುತ್ತದೆ, ಪೂರಾ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು.

ಬಿಡುವಿನ ಕುರಿತು ವಿಶೇಷ ಸೂಚನೆ: ನಮ್ಮ ಮನೆಗಳಲ್ಲಿ ಹೆಂಗಸಿನ ಎರಡೂ ಕೈಗಳಿಗೆ ಒಟ್ಟಿಗೆ ರಜೆ ಕೊಡುವ ಒಂದೇ ಒಂದು ವ್ಯವಸ್ಥೆ ಮೊದಲಿಂದ ಇದೆ. ಅದು ಮದರಂಗಿ. ಇಲ್ಲಿನವರ ಮರುದಾಣಿಯೂ ಅದೇ. ಹಬ್ಬದ ಹಿಂದಿನ ರಾತ್ರಿ ಸೊಪ್ಪು ಅರೆದು ಬೆರಳ ತುದಿಗೆ ಟೋಪಿಯ ಹಾಗೆ ಇಟ್ಟುಕೊಂಡವಳಿಗೆ ಯಾರೂ ಒಗ್ಗರಣೆ ಹಾಕು ಅನ್ನುವುದಿಲ್ಲ. ಅನ್ನ ಕಲಸಿ ಬಾಯಿಗೆ ಇಡುತ್ತಾರೆ, ಕೆನ್ನೆ ತುರಿಸಿದರೆ ತಾವೇ ತುರಿಸುತ್ತಾರೆ, ಚೆನ್ನಾಗಿ ಕೆಂಪಾಗಲಿ ಎಂದು ಹಾರೈಸುತ್ತಾರೆ. ಮದರಂಗಿಯ ಬೆಲೆ ಅದರ ಕೆಂಪಿನಲ್ಲಿ ಅರ್ಧವಿದ್ದರೆ ಆ ರಾತ್ರಿಯ ರಜೆಯಲ್ಲಿ ಇನ್ನರ್ಧ. ಕ್ಯೂಟೆಕ್ಸಿಗೆ ಈ ರಿಯಾಯಿತಿಯನ್ನು ಯಾರೂ ಮಂಜೂರು ಮಾಡಿಲ್ಲ. ಐವತ್ತು ರೂಪಾಯಿಯ ಬಾಟಲಿ ದುಬಾರಿಯಾಗುವುದು ಇಲ್ಲಿ. ಆದಕಾರಣ ಬಳಕೆದಾರರು ಹಚ್ಚಿದ ಕೈಗಳನ್ನು ಎತ್ತಿ ಹಿಡಿದು, ಮದರಂಗಿಯವಳ ಗಾಂಭೀರ್ಯವನ್ನೇ ಮುಖದ ಮೇಲೆ ತಂದುಕೊಂಡು, ಮನೆಯ ನಡುಮಧ್ಯದಲ್ಲಿ ಕೂರತಕ್ಕದ್ದು. ಬಾಲ್ಕನಿಯಿಂದ ಒಳಗೆ ಬರುವುದು ಈ ಹಂತದಲ್ಲಿ.

5. ವಿನ್ಯಾಸಗಳು

ವಿನ್ಯಾಸ ಒಂದು: ಮತದಾನ. ಖರ್ಚು ಸೊನ್ನೆ. ಹತ್ತರಲ್ಲಿ ಒಂದೇ ಉಗುರಿಗೆ, ಎಡಗೈ ತೋರುಬೆರಳಿಗೆ. ಕಲಾವಿದರು ಸರ್ಕಾರಿ ನೌಕರರು. ಬಣ್ಣ ಬರುವುದು ಮೈಸೂರಿನಿಂದ: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿಯನ್ನು ಕೊಡುತ್ತಿದೆ. ಇದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಬೆರೆತು, ಬೆಳಕು ತಾಗಿದಂತೆ ಕಪ್ಪಾಗುತ್ತದೆ. ಹಚ್ಚಿದಾಗ ನೇರಳೆಗೆ ತಿರುಗುವ ನೀಲಿ, ಸಂಜೆಯ ಹೊತ್ತಿಗೆ ಕಡುಗಪ್ಪು. ಮೊದಲು ಉಗುರು–ಚರ್ಮ ಕೂಡುವಲ್ಲಿ ಒಂದು ಗುರುತು ಇಡುತ್ತಿದ್ದರು. 2006ರಿಂದ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯುತ್ತಾರೆ. ವಿನ್ಯಾಸದಲ್ಲಿ ಆಗಿರುವ ಸುಧಾರಣೆ ಇದೊಂದೇ. ರಿಮೂವರಿಗೆ ಜಗ್ಗದು, ಪಾತ್ರೆ ತೊಳೆದರೂ ಹೋಗದು, ಉಗುರು ಬೆಳೆದು ಕತ್ತರಿಸುವವರೆಗೆ ಬಾಳಿಕೆ. ಮಾರುಕಟ್ಟೆಯ ಯಾವ ಬಾಟಲಿಗೂ ಇಷ್ಟು ಬಾಳಿಕೆಯಿಲ್ಲ. ಇಷ್ಟಾಗಿಯೂ 2024ರ ಏಪ್ರಿಲ್ 19ರಂದು ಚೆನ್ನೈ ದಕ್ಷಿಣ ಮತ್ತು ಚೆನ್ನೈ ಕೇಂದ್ರ ಕ್ಷೇತ್ರಗಳಲ್ಲಿ ಮತದಾರರಲ್ಲಿ ಅರ್ಧಕ್ಕೆ ತುಸು ಹೆಚ್ಚು ಮಂದಿ ಮಾತ್ರ ಈ ಬಿಟ್ಟಿ ಸೇವೆಯನ್ನು ಬಳಸಿಕೊಂಡರು. ಗಮನಿಸಿ: ಆ ದಿನ ತೋರುಬೆರಳಿಗೆ ಬೇರೆ ಬಣ್ಣ ಹಚ್ಚಿಕೊಂಡು ಹೋಗಬೇಡಿ. ಮೈಸೂರಿನ ಬಣ್ಣಕ್ಕೆ ಜಾಗ ಬಿಡಿ.

ವಿನ್ಯಾಸ ಎರಡು: ಚುಕ್ಕಿ. ಗಾಢ ನೀಲಿಯ ಮೇಲೆ ಬಿಳಿ ಚುಕ್ಕಿ. ಹೇರ್‌ಪಿನ್ನಿನ ಗುಂಡುತುದಿಯನ್ನು ಬಿಳಿ ಪಾಲಿಶಿಗೆ ಅದ್ದಿ ಇಡುತ್ತ ಹೋಗಿ. ಸಣ್ಣ ಚುಕ್ಕಿಗೆ ಹಲ್ಲುಕಡ್ಡಿ. ಮೂರು, ಎರಡು, ಒಂದು ಎಂದು ಇಟ್ಟರೆ ಮುಗಿಯಿತು. ಮೈಲಾಪುರದಲ್ಲಿ ಮಾರ್ಗಳಿ ತಿಂಗಳ ಬೆಳಗಿನ ಕೋಲಗಳನ್ನು ನೋಡಿದವರಿಗೆ ಚುಕ್ಕಿಗಳ ಸುತ್ತ ಗೆರೆ ಸುತ್ತಿಸುವ ಆಸೆ ಹುಟ್ಟುತ್ತದೆ. ಉಗುರಿನ ಅಗಲ ಒಂದು ಸೆಂಟಿಮೀಟರು. ಆಸೆಯನ್ನು ಹೊಸಿಲಿಗೆ ಉಳಿಸಿಕೊಳ್ಳಿ. ಬಲಗೈಯವರು ಎಡಗೈಗೆ ಇಟ್ಟ ಚುಕ್ಕಿ ಸಾಲಾಗಿಯೂ, ಬಲಗೈಗೆ ಇಟ್ಟದ್ದು ಸ್ವತಂತ್ರವಾಗಿಯೂ ಇರುತ್ತವೆ.

ವಿನ್ಯಾಸ ಮೂರು: ಅಲೆ. 2019ರ ಆಗಸ್ಟಿನಲ್ಲಿ ಒಂದು ರಾತ್ರಿ ಬೆಸೆಂಟ್ ನಗರ, ತಿರುವಾನ್ಮಿಯೂರಿನ ಕಡಲತೀರದಲ್ಲಿ ಅಲೆಗಳು ನೀಲಿಯಾಗಿ ಬೆಳಗಿದವು. ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿ ಅಲೆಯ ಕದಲಿಕೆಗೆ ಹೊಮ್ಮಿಸುವ ಬೆಳಕು ಅದು. ಅದನ್ನು ಉಗುರಿಗೆ ತರುವ ವಿಧಾನ: ಸ್ಪಂಜಿನ ತುಂಡಿಗೆ ಗಾಢ ನೀಲಿಯನ್ನೂ ಅದರ ಪಕ್ಕಕ್ಕೇ ಬಿಳಿ ಬೆರೆಸಿದ ತಿಳಿನೀಲಿಯನ್ನೂ ಸವರಿ, ಉಗುರಿನ ಮೇಲೆ ಮೆಲ್ಲಗೆ ಒತ್ತಿ ಒತ್ತಿ ತೆಗೆಯಿರಿ. ಬಣ್ಣಗಳು ಒಂದರೊಳಗೊಂದು ಕರಗಿದಂತೆ ಕಾಣುತ್ತವೆ. ಮುಗಿದ ಮೇಲೆ ಸ್ಪಂಜನ್ನು ಸಿಂಕಿನ ಬಳಿ ಇಡಬೇಡಿ. ಯಾರಾದರೂ ಅದರಲ್ಲೇ ಲೋಟ ಉಜ್ಜುತ್ತಾರೆ. 'ಯಾರಾದರೂ' ಎಂದರೆ ನೀವೇ.

ವಿನ್ಯಾಸ ನಾಲ್ಕು: ಪತ್ರಿಕೆ. ತಿಳಿನೀಲಿ ಚೆನ್ನಾಗಿ ಒಣಗಿದ ಮೇಲೆ ಉಗುರಿಗೆ ಒಂದು ತೊಟ್ಟು ಸ್ಯಾನಿಟೈಸರ್ ಸವರಿ, ಪೇಪರಿನ ತುಂಡನ್ನು ಒತ್ತಿ ಹಿಡಿದು ಎತ್ತಿ. ಮುದ್ರಣದ ಮಸಿ ಉಗುರಿಗೆ ಇಳಿಯುತ್ತದೆ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಕನ್ನಡ ಪೇಪರನ್ನೇ ಒತ್ತಬೇಕೆಂದು ಹಟವಿದ್ದರೆ ಊರಿಂದ ಬಂದವರು ಚಕ್ಕುಲಿ ಸುತ್ತಿ ತಂದ ಕಾಗದವನ್ನು ಎತ್ತಿಡಿ. ತಿರುಗಿದ ಕನ್ನಡಕ್ಕೂ ತಿರುಗಿದ ತಮಿಳಿಗೂ ವ್ಯತ್ಯಾಸ ಹೇಳುವವರು ಸಿಕ್ಕಲಿಕ್ಕಿಲ್ಲ. ಎರಡು ರಾಜ್ಯಗಳ ನಡುವೆ ಇಷ್ಟು ಸುಲಭಕ್ಕೆ ಬಗೆಹರಿದ ವಿಷಯ ಇನ್ನೊಂದಿಲ್ಲ. ಮರಣವಾರ್ತೆಯ ಪುಟ ಬಳಸತಕ್ಕದ್ದಲ್ಲ.

ವಿನ್ಯಾಸ ಐದು: ನೀರು. ತಿಳಿಸಲೇಬೇಕಾದ್ದರಿಂದ ತಿಳಿಸುತ್ತಿದ್ದೇವೆ, ಶಿಫಾರಸು ಮಾಡುತ್ತಿಲ್ಲ. ಲೋಟದ ನೀರಿನ ಮೇಲೆ ನೀಲಿ, ಬಿಳಿ, ನೀಲಿ ಎಂದು ಹನಿ ಬಿಟ್ಟರೆ ಉಂಗುರಗಳಾಗಿ ಹರಡುತ್ತವೆ. ಹಲ್ಲುಕಡ್ಡಿಯಿಂದ ಗೆರೆ ಎಳೆದು ಬೆರಳು ಮುಳುಗಿಸಿದರೆ ಅಮೃತಶಿಲೆಯ ನಕ್ಷೆ ಉಗುರಿಗೆ ಹಿಡಿಯುತ್ತದೆ. ಪ್ರತಿ ಬೆರಳಿಗೂ ಹೊಸ ಹನಿಗಳು ಬೇಕು, ಅರ್ಧ ಬಾಟಲಿ ನೀರಿಗೇ ಹೋಗುತ್ತದೆ. ನೀರಿನ ಮಾತೂ ಇದೆ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬತ್ತಿ, ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್ನುಗಳಲ್ಲಿ 25 ಲಕ್ಷ ಲೀಟರ್ ನೀರು ರೈಲಿನಲ್ಲಿ ಬಂತು. ಮೆಟ್ಟೂರಿನಿಂದ ಹರಿದುಬಂದ ಕಾವೇರಿ ಅದು. ಬೆಂಗಳೂರಿನ ಪ್ರತಿ ಪ್ರಯಾಣದಲ್ಲೂ ನಿದ್ದೆಗಣ್ಣಿನಲ್ಲಿ ದಾಟುವ ಆ ಜಂಕ್ಷನ್ನಿನಲ್ಲಿ ಅವಳೇ ರೈಲು ಹತ್ತಿ ನಿಮ್ಮ ಕೊಡಕ್ಕೆ ಬಂದವಳು. ಅವಳನ್ನು ಉಗುರಿನ ನಕ್ಷೆಗೆ ಚೆಲ್ಲುವ ಮೊದಲು ಎರಡೂ ಕಡೆಯವರು ಯೋಚಿಸಿ.

6. ತೊಂದರೆ ಮತ್ತು ಪರಿಹಾರ

ತೊಂದರೆ: ತಿಳಿನೀಲಿ ಉಗುರು ಬಲಗೈಯಲ್ಲಿ ಮಾತ್ರ ಹಸಿರಾಗುತ್ತಿದೆ.
ಪರಿಹಾರ: ಸಾರನ್ನದ ಅರಿಶಿನ. ನೀಲಿಯೂ ಹಸಿರೂ ಸೇರಬೇಕಾದದ್ದು ಚೆನ್ನೈ ಮೆಟ್ರೋದ ಸೆಂಟ್ರಲ್ ಮತ್ತು ಆಲಂದೂರು ನಿಲ್ದಾಣಗಳಲ್ಲಿ ಮಾತ್ರ. ಮುಂದಿನ ಸಲ ಗಾಢ ನೀಲಿ ಆರಿಸಿ. ಸಾರು ಬಿಡುವ ಪ್ರಶ್ನೆ ಬರುವುದಿಲ್ಲ.

ತೊಂದರೆ: ಬಾಟಲಿಯಲ್ಲಿ ಬಣ್ಣ ಗಟ್ಟಿಯಾಗಿ ನೂಲುನೂಲಾಗುತ್ತಿದೆ.
ಪರಿಹಾರ: ದ್ರಾವಕ ಆರಿದೆ. ರಿಮೂವರ್ ಸುರಿಯಬೇಡಿ, ಪೊರೆ ಕೆಡುತ್ತದೆ. ನೇಲ್ ಪಾಲಿಶ್ ಥಿನ್ನರ್ ಎರಡು ಹನಿ ಸಾಕು. ಬಾಟಲಿಯ ಕುತ್ತಿಗೆಯನ್ನು ಒರೆಸಿ ಬಿಗಿಯಾಗಿ ಮುಚ್ಚಿಡಿ.

ತೊಂದರೆ: ಉಗುರಿನ ಮೇಲೆ ಬೆಡ್‌ಶೀಟಿನ ನೇಯ್ಗೆಯ ಅಚ್ಚು ಬಿದ್ದಿದೆ.
ಪರಿಹಾರ: ರಾತ್ರಿ ಎಲ್ಲರೂ ಮಲಗಿದ ಮೇಲೆ ಹಚ್ಚಿ, ಒಣಗುವ ಮೊದಲೇ ನಿದ್ದೆ ಹೋಗಿದ್ದೀರಿ. ಇದು ಬಣ್ಣದ ದೋಷವಲ್ಲ. ನಾಲ್ಕನೆಯ ಭಾಗದ ವಿಶೇಷ ಸೂಚನೆಯನ್ನು ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ.

ತೊಂದರೆ: ಗಂಡ ಗಮನಿಸಲೇ ಇಲ್ಲ.
ಪರಿಹಾರ: ತಯಾರಕರು ಇದಕ್ಕೆ ಹೊಣೆಯಲ್ಲ.

7. ಗ್ಯಾರಂಟಿ

ಈ ಕ್ರಮದಲ್ಲಿ ಹಚ್ಚಿದ ನೀಲಿಗೆ ಏಳು ದಿನಗಳ ಗ್ಯಾರಂಟಿ ಇದೆ. ಷರತ್ತುಗಳು ಹೀಗಿವೆ: ಮೊದಲ ರಾತ್ರಿಯ ಪಾತ್ರೆಗಳನ್ನು ಬಳಕೆದಾರರು ತೊಳೆಯತಕ್ಕದ್ದಲ್ಲ. ಇಡ್ಲಿ ಹಿಟ್ಟನ್ನು ಕೈಯಿಂದ ಕಲಸತಕ್ಕದ್ದಲ್ಲ. ಬೆಳ್ಳುಳ್ಳಿ ಸುಲಿಯುವುದು, ತೆಂಗಿನಕಾಯಿ ತುರಿಯುವುದು, ಹುಣಸೆಹಣ್ಣು ಕಿವುಚುವುದು, ಮಗುವಿನ ಶೂ ಲೇಸಿನ ಗಂಟು ಬಿಡಿಸುವುದು ಗ್ಯಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ.

ಷರತ್ತುಗಳನ್ನು ಪಾಲಿಸಲು ಮನೆಯಲ್ಲಿ ಇನ್ನೊಂದು ಜೊತೆ ಕೈ ಇರಬೇಕು. ಬಹುತೇಕ ಮನೆಗಳಲ್ಲಿ ಇರುತ್ತದೆ, ಬಳಕೆಯಾಗದೆ ಹೊಸದರ ಹಾಗೇ ಇರುತ್ತದೆ. ಆ ಕೈಗಳ ಮಾಲೀಕರು ಗ್ಯಾರಂಟಿ ಕಾರ್ಡಿಗೆ ಸಹಿ ಹಾಕತಕ್ಕದ್ದು. ಸಹಿಯಿಲ್ಲದ ಕಾರ್ಡು ಅಸಿಂಧು. ಅವರು "ಪೆನ್ನು ಎಲ್ಲಿದೆ?" ಎಂದು ಕೇಳುತ್ತಾರೆ. ಎದ್ದು ಹುಡುಕಿಕೊಡಬೇಡಿ. ಅವರೇ ಹುಡುಕಲಿ, ಎರಡನೆಯ ಕೋಟ್ ಒಣಗಲು ಅಷ್ಟು ಹೊತ್ತು ಹೇಗೂ ಬೇಕು.